ಆಯ್ತು, ಮಾಡುವ

ನಮ್ಮ ಆಫೀಸಿನಲ್ಲಿ ಒಂದು ವಾರ ಏನೂ ಆಗದೆ ಕಳೆದರೆ ನನಗೆ ಹೆದರಿಕೆ ಹೆಚ್ಚಾಗುತ್ತದೆ. ಬರಬೇಕಾದದ್ದೆಲ್ಲ ಎಲ್ಲೋ ಒಟ್ಟು ಸೇರುತ್ತಾ ಉಂಟು, ಸೋಮವಾರ ಒಂದೇ ಬಸ್ಸಿನಲ್ಲಿ ಬರಲಿಕ್ಕುಂಟು ಅಂತ ಅರ್ಥ.

ಆಫೀಸು ಇರುವುದು ಪುತ್ತೂರಿನಲ್ಲಿ, ಒಂದು ಬೇಕರಿಯ ಮಾಳಿಗೆಯಲ್ಲಿ. ನಾವು ಮಾಡುವುದು ಗಿಟಾರ್ ಮಾಡೆಲರ್. ಗಿಟಾರಿನ ವಯರನ್ನು ಇದಕ್ಕೆ ಚುಚ್ಚಿ ಕಾಲಿನಿಂದ ಸ್ವಿಚ್ ಒತ್ತಿದರೆ, ಆಳೆತ್ತರದ ಆಂಪ್ಲಿಫಯರುಗಳ ಸ್ವರವನ್ನು ಇದೇ ಅನುಕರಿಸುತ್ತದೆ. ನನ್ನ ಅಮ್ಮ ನೆಂಟರಿಗೆ ಹೇಳುವುದು "ಮಿಮಿಕ್ರಿ ಮಾಡುವ ಪೆಟ್ಟಿಗೆ" ಅಂತ. ಅದಕ್ಕಿಂತ ಚೆನ್ನಾಗಿ ನಮ್ಮ ಜಾಹೀರಾತಿನಲ್ಲೂ ಹೇಳಿಲ್ಲ. ಪೆಟ್ಟಿಗೆಯೊಳಗಿನ ಪ್ರೋಗ್ರಾಮನ್ನು ಆಗಾಗ ಹೊಸತು ಮಾಡಿ ಕಳಿಸುತ್ತೇವೆ, ಅದು ಅಪ್‌ಡೇಟ್. ಕೊಂಡವರು ಇದು ಬೇಕು ಅದು ಬೇಕು ಅನ್ನುತ್ತಾರೆ, ಅದು ರಿಕ್ವೆಸ್ಟ್. ಇವೆರಡರ ನಡುವೆ ಫೋನ್ ಎತ್ತುವವಳು ನಾನು.

"ನೀನು ಇಂಗ್ಲಿಷ್ ಮೀಡಿಯಂ ಅಲ್ವಾ, ಚಂದ ಮಾತಾಡ್ತಿ" ಅಂತ ಬಾಸ್ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಇಂಗ್ಲಿಷ್ ಮೀಡಿಯಂನಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮಾತಾಡಬಾರದು ಅಂತ. ನಾನು ಆ ಪಾಠವನ್ನು ಚೆನ್ನಾಗಿ ಕಲಿತವಳು. ಫೋನ್ ರಿಂಗಾದರೆ ಈಗಲೂ ಮೊದಲ ವಾಕ್ಯವನ್ನು ಬಾಯೊಳಗೆ ಹೇಳಿ ನೋಡಿ, ಆಮೇಲೆ ಎತ್ತುತ್ತೇನೆ. ಅಷ್ಟರಲ್ಲಿ ಕಟ್ಟಾದರೆ ಸ್ವಲ್ಪ ಸಂತೋಷವೂ ಆಗುತ್ತದೆ.

ಕಟ್ ಮಾಡದವರು ಒಬ್ಬರೇ, ನೆಲ್ಯಾಡಿಯ ಅಂಕಲ್. ರಬ್ಬರ್ ತೋಟದವರು, ಮನೆಮಾತು ಮಲಯಾಳ, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಗಿಟಾರ್ ನುಡಿಸುವವರು. ನನ್ನನ್ನು 'ಮೋಳೆ', ಅಂದರೆ ಮಗಳೇ, ಅಂತ ಕರೆಯುತ್ತಾರೆ. ಪೂಜೆಯ ನಡುವೆ ಒಂದು ನಿಮಿಷ ಎಲ್ಲರೂ ಮೌನವಾಗಿ ಪ್ರಾರ್ಥಿಸುವ ಹೊತ್ತಿಗೆ ಅವರ ಪೆಟ್ಟಿಗೆ 'ಗುಂಯ್' ಅನ್ನುತ್ತದಂತೆ. ಆಫ್ ಮಾಡಿದರೆ 'ಟಪ್' ಅಂತ ಗುಂಡು ಹೊಡೆದ ಹಾಗೆ ಕೇಳುತ್ತದಂತೆ.

"ಫಾದರ್ ಹೇಳಿದ್ದಾರೆ ಮೋಳೆ. ಹಬ್ಬದ ಪೂಜೆಯಲ್ಲಿ ಇನ್ನೊಮ್ಮೆ ಗುಂಯ್ ಅಂದ್ರೆ ಗಿಟಾರ್ ಮನೆಯಲ್ಲೇ ಇರಲಿ, ಕೀಬೋರ್ಡ್ ಸಾಕು ಅಂತ. ನಂಗೆ ಬೇರೆ ಎಂತ ಬೇಡ. ಒಂದು ಸ್ವಿಚ್ ಒತ್ತಿದ್ರೆ ಪೂರ್ತಿ ಮೌನ. ಹಬ್ಬದೊಳಗೆ ಆಗ್ತದಾ?"

ನಾನು "ಆಗ್ತದೆ ಅಂಕಲ್" ಅಂದುಬಿಟ್ಟೆ. ಫೋನ್ ಬೇಗ ಇಡಬೇಕಿತ್ತು.

೧. ಮೂರು ಬಗೆಯ ಇಲ್ಲ

ನಮ್ಮ ಬಾಸ್ ಪುತ್ತೂರಿನವರೇ. ಮುಖ ನೋಡಿ 'ಇಲ್ಲ' ಅನ್ನುವುದು ಅವರ ಪ್ರಕಾರ ಮರ್ಯಾದಸ್ಥರ ಲಕ್ಷಣ ಅಲ್ಲ. ಹಾಗಾಗಿ ಅವರ ಹತ್ತಿರ ಬೇರೆ ಮಾತುಗಳುಂಟು. ನಮ್ಮ ಕಡೆ 'ಮಾಡೋಣ' ಅನ್ನುವುದಕ್ಕೆ 'ಮಾಡುವ' ಅನ್ನುತ್ತಾರೆ. 'ನೋಡುವ' ಅಂದರೆ ಆಗುವುದಿಲ್ಲ. 'ಮಾಡುವ' ಅಂದರೆ ಖಂಡಿತ ಆಗುವುದಿಲ್ಲ. 'ಆಯ್ತು, ಮಾಡುವ' ಅಂದರೆ ಈ ವಿಷಯ ಇನ್ನು ಈ ಜನ್ಮದಲ್ಲಿ ಎತ್ತಬೇಡಿ. ನಿಜವಾಗಿ ಮಾಡುವುದಿದ್ದರೆ ಬೈಯುತ್ತಾರೆ. ಅಂಕಲ್ ಕೇಳಿದ ಮೌನದ ವಿಷಯ ಹೇಳಿದಾಗ, "ಇಷ್ಟು ಸಣ್ಣದು ಇಷ್ಟರವರೆಗೆ ಯಾಕೆ ಮಾಡ್ಲಿಲ್ಲ ಮಾರಾಯ್ತಿ? ನೀವೆಲ್ಲ ಎಂತ ಮಾಡುದು ಇಲ್ಲಿ?" ಅಂತ ಕೂಗಿದರು. ನನಗೆ ಜೀವ ಬಂತು. ಬೈದರು, ಅಂದರೆ ಆಗುತ್ತದೆ.

ಈ ಭಾಷೆ ಊರಿನ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಒಬ್ಬರೇ, ಹೊಸದಾಗಿ ಸೇರಿದ ಹುಬ್ಬಳ್ಳಿಯ ಇಂಜಿನಿಯರ್. ಪೆಟ್ಟಿಗೆಯ ಪ್ರೋಗ್ರಾಂ ಬರೆಯುವುದು ಅವರೇ.

ಅವರು ಬಂದ ವಾರದಲ್ಲೇ ಗಿರಾಕಿಯೊಬ್ಬರು ಪೆಟ್ಟಿಗೆಯ ಪರದೆಯಲ್ಲಿ ಗಂಟೆ ಎಷ್ಟಾಯಿತೆಂದು ಕಾಣಬೇಕು ಅಂತ ಕೇಳಿದರು. ಬಾಸ್ "ಮಾಡುವ, ಮಾಡುವ" ಅಂದರು. ಮರುದಿನ ಬೆಳಗ್ಗೆ ಬಂದು ನೋಡಿದರೆ ಪೆಟ್ಟಿಗೆ ಗಂಟೆ ತೋರಿಸುತ್ತಾ ಉಂಟು.

"ಇದು ಯಾರು ಮಾಡಿದ್ದು?"

"ನಾನ್ರಿ ಸರ್. ನೀವೇ ಅಂದ್ರಲ್ರಿ, ಮಾಡುವ ಅಂತ."

"ಎಂತ ಮಾರಾಯ್ರೆ! ನಾನು ಮಾಡುವ ಅಂದದ್ದು. ಮಾಡಿ ಅಂದದ್ದಲ್ಲ."

ಇಂಜಿನಿಯರ್ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮೇಡಂ, ನನಗ ಸಂಬಳ 'ಹೆಚ್ಚು ಮಾಡುವ' ಅಂದಾರ್ರಿ. ಅದೂ ಹಿಂಗೇನ್ರಿ?"

೨. ಲಾಭ ಕಮ್ಮಿ ಮಾಡಿ

ಪೆಟ್ಟಿಗೆಯ ಪರದೆಯಲ್ಲಿ ಕನ್ನಡ ಬೇಕು ಅಂತ ತುಂಬ ಜನ ಕೇಳುತ್ತಿದ್ದರು. ಬಾಸ್ ಬೈದರು, ಹಾಗಾಗಿ ಕೆಲಸ ಶುರುವಾಯಿತು. ಅನುವಾದಕ್ಕೆ ನನ್ನನ್ನು ಕರೆಯಲಿಲ್ಲ. "ಇವಳು ಇಂಗ್ಲಿಷ್ ಮೀಡಿಯಂ, ಕನ್ನಡ ಬರುದಿಲ್ಲ" ಅಂದರು. ಬಾಸ್ ತಮ್ಮ ಮೊಬೈಲಿಗೆ ಒಂದೊಂದೇ ಶಬ್ದ ಹೇಳಿ ತಾವೇ ಅನುವಾದ ಮಾಡಿಸಿದರು. ಡಿಲೇ ಎಂಬುದು 'ತಡ' ಆಯಿತು. ಅಟ್ಯಾಕ್ 'ದಾಳಿ' ಆಯಿತು. ಡ್ರೈ ಮತ್ತು ವೆಟ್ 'ಒಣ' ಮತ್ತು 'ಹಸಿ' ಆದವು. ಸ್ವರದ ಜೋರು ಏರಿಸುವ, ಹೆಚ್ಚಾದರೆ ಸ್ವರವನ್ನೇ ಒಡೆಯುವ ಗೇನ್ ಎಂಬುದು 'ಲಾಭ' ಆಯಿತು.

ಅಪ್‌ಡೇಟ್ ಹೋದ ಮರುದಿನ ಕಡಬದಿಂದ ಅಡಿಕೆ ವ್ಯಾಪಾರಿಯೊಬ್ಬರ ಫೋನ್. ಅಂಗಡಿಗೆ ರಜೆ ಇದ್ದಾಗ ಗಿಟಾರ್ ನುಡಿಸುವವರು.

"ತಂಗೀ, ಇದರಲ್ಲಿ ಒಣ, ಹಸಿ ಅಂತ ಉಂಟಲ್ಲ, ಇದು ಅಡಿಕೆಗೂ ಆಗ್ತದಾ?"

"ಇಲ್ಲ ಸರ್, ಅದು ಸ್ವರಕ್ಕೆ."

"ಹಾಗಾ. ಮತ್ತೆ ಸ್ವರ ಪೂರ್ತಿ ಹರಿದು ಹೋದ ಹಾಗೆ ಕೇಳ್ತದೆ, ಎಂತ ಮಾಡುದು?"

ನನಗೆ ಉತ್ತರ ಗೊತ್ತಿತ್ತು. ಉತ್ತರ ಗೊತ್ತಿದ್ದಾಗ ನನ್ನ ಸ್ವರ ಅಭ್ಯಾಸವಿಲ್ಲದೆ ತುಂಬ ಜೋರಾಗಿ ಬರುತ್ತದೆ. "ಸರ್, ನೀವು ಲಾಭ ಜಾಸ್ತಿ ಇಟ್ಟಿದ್ದೀರಿ. ಲಾಭ ಕಮ್ಮಿ ಮಾಡಿ, ಎಲ್ಲ ಸರಿಯಾಗ್ತದೆ."

ಆಚೆ ಕಡೆಯಿಂದ ಬಹಳ ಗಂಭೀರವಾದ ಸ್ವರ ಬಂತು: "ಈ ಮಾತು ನಂಗೆ ಇಷ್ಟರವರೆಗೆ ನನ್ನ ಹೆಂಡತಿ ಕೂಡ ಹೇಳ್ಲಿಲ್ಲ."

೩. ಗುಡುಗು

ಅಪ್‌ಡೇಟ್ ಆಗುವಾಗ ಪೆಟ್ಟಿಗೆಯನ್ನು ಆಫ್ ಮಾಡಬಾರದು. ನಡುವೆ ಕರೆಂಟ್ ಹೋದರೆ ಅದು ಕಲ್ಲಾಗುತ್ತದೆ, ಸತ್ತ ಹಾಗೆ ಬಿದ್ದಿರುತ್ತದೆ. ಇದನ್ನು ನಾವು ಕೆಂಪು ಅಕ್ಷರದಲ್ಲಿ ಬರೆದಿದ್ದೇವೆ. ಆದರೆ ನಮ್ಮ ಊರುಗಳಲ್ಲಿ ಅದಕ್ಕಿಂತ ಹಳೆಯ ನಿಯಮ ಒಂದುಂಟು: ಗುಡುಗು ಕೇಳಿದರೆ ಮನೆಯ ಎಲ್ಲ ಪ್ಲಗ್ಗುಗಳನ್ನೂ ಎಳೆಯಬೇಕು.

ಸುಳ್ಯದ ಆರ್ಕೆಸ್ಟ್ರಾದ ಗಿಟಾರಿಸ್ಟ್ ಒಬ್ಬರು ಫೋನ್ ಮಾಡಿ, "ಮೇಡಂ, ಅಪ್‌ಡೇಟ್ ಹಾಕಿದ್ದೇನೆ, ಮುಗಿಯುವವರೆಗೆ ಲೈನಿನಲ್ಲೇ ಇರಿ" ಅಂದರು. ಅರ್ಧ ದಾಟಿತು. ಮುಕ್ಕಾಲು ದಾಟಿತು. ದೂರದಲ್ಲಿ ಗುಡುಗಿದ ಸದ್ದು ನನಗೂ ಕೇಳಿತು. ಮರುಕ್ಷಣ ಒಳಗಿಂದ ಒಂದು ಹೆಂಗಸಿನ ಕೂಗು, ಓಡಿ ಬರುವ ಚಪ್ಪಲಿಯ ಸದ್ದು.

"ಅಮ್ಮಾ, ಬೇಡ! ಮುಟ್ಟಬೇಡಿ! ಅದು ಅಪ್‌ಡೇಟ್..."

"ಅಪ್‌ಡೇಟ್ ದೊಡ್ಡದಾ ಮನೆ ದೊಡ್ಡದಾ?"

ಪ್ಲಗ್ ಹೊರಗೆ ಬಂತು. ಪೆಟ್ಟಿಗೆ ಕಲ್ಲಾಯಿತು. ಗುಡುಗು ನಿಂತ ಮೇಲೆ, ಎರಡು ಸ್ವಿಚ್ಚುಗಳನ್ನು ಒಟ್ಟಿಗೆ ಒತ್ತಿ ಹಿಡಿದು ಪುನಃ ಆನ್ ಮಾಡುವ ಉಪಾಯವನ್ನು ಹೇಳಿಕೊಟ್ಟೆ. ದೇವರ ದಯೆ, ಅದಕ್ಕೆ ಜೀವ ಬಂತು. ಆಗ ಅಮ್ಮ ಫೋನ್ ತೆಗೆದುಕೊಂಡು ಪ್ರೀತಿಯಿಂದ ಹೇಳಿದರು: "ಮಗಾ, ನಿಮ್ಮ ಯಜಮಾನ್ರಿಗೆ ಹೇಳು, ಗುಡುಗು ಬರುವ ಮೊದಲೇ ಮುಗಿಯುವ ಹಾಗೆ ಮಾಡ್ಲಿಕ್ಕೆ."

ಹೇಳಿದೆ. ಬಾಸ್ "ಆಯ್ತು, ಮಾಡುವ" ಅಂದರು. ಸ್ವಲ್ಪ ಹೊತ್ತಿನಲ್ಲಿ ಇಂಜಿನಿಯರ್ ಕಿಟಕಿಯ ಹತ್ತಿರ ನಿಂತು ಆಕಾಶ ನೋಡುತ್ತಾ ಕೇಳಿದರು: "ಮೇಡಂ, ಇಲ್ಲಿ ಗುಡುಗು ಸಾಮಾನ್ಯವಾಗಿ ಯಾವ ದಿಕ್ಕಿನಿಂದ ಬರ್ತೈತ್ರಿ?"

೪. ಮೌನ

ಸುಳ್ಯದ ಸುದ್ದಿ ಹೇಗೋ ನೆಲ್ಯಾಡಿ ತಲುಪಿತು.

"ಮೋಳೆ, ಅಲ್ಲೊಂದು ಪೆಟ್ಟಿಗೆ ಸತ್ತಿತಂತೆ?"

"ಈಗ ಬದುಕಿದೆ ಅಂಕಲ್."

"ಸತ್ತು ಬದುಕಿದ್ದು ನಮಗೆ ಹೊಸತಲ್ಲ. ಆದ್ರೆ ಪೆಟ್ಟಿಗೆಯ ಮೇಲೆ ಅಷ್ಟು ವಿಶ್ವಾಸ ಇಡ್ಲಿಕ್ಕೆ ಆಗುದಿಲ್ಲ. ನನ್ನ ಮೌನ ಎಂತಾಯ್ತು?"

ಮೌನ ತಯಾರಾಗಿತ್ತು. ನಾನೇ ಕೂತು ಪರೀಕ್ಷಿಸಿದೆ. ಮೂಲೆಯ ಸ್ವಿಚ್ಚನ್ನು ತಟ್ಟಿದರೆ ಗುಂಯ್ ಇಲ್ಲ, ಟಪ್ ಇಲ್ಲ, ಕೆಳಗೆ ಬೇಕರಿಯಲ್ಲಿ ಬನ್ನಿನ ತಟ್ಟೆ ಇಳಿಸುವ ಸದ್ದು ಮಾತ್ರ. ಅಪ್‌ಡೇಟ್ ಬಿಟ್ಟೆವು. ಹಬ್ಬದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅಂಕಲ್ ಮೊದಲು ಪ್ರಾರ್ಥನೆ ಮಾಡಿ, ಆಮೇಲೆ ನನ್ನನ್ನು ಫೋನಿನಲ್ಲಿ ಹಿಡಿದುಕೊಂಡೇ ಅಪ್‌ಡೇಟ್ ಮಾಡಿದರು. ಆಯಿತು. ನಾನು ಉಸಿರು ಬಿಟ್ಟೆ.

ಸಂಜೆ ನಾನು ಚೀಲ ಹೆಗಲಿಗೆ ಹಾಕುವಾಗ ಇಂಜಿನಿಯರ್ ಖುಷಿಯಲ್ಲಿ ಹೇಳಿದರು: "ಮೇಡಂ, ಆ ಭಾಗವತರದ್ದೂ ಇದರಾಗ ಸೇರಿಸೀನ್ರಿ."

ಯಾವ ಭಾಗವತರು? ಹಿಂದಿನ ತಿಂಗಳು ಯಕ್ಷಗಾನದ ಭಾಗವತರೊಬ್ಬರು ನಮ್ಮ ಬೋರ್ಡ್ ನೋಡಿ, ಶ್ರುತಿ ಪೆಟ್ಟಿಗೆ ಮಾರುವ ಅಂಗಡಿ ಅಂದುಕೊಂಡು ಮಾಳಿಗೆ ಹತ್ತಿದ್ದರು. ಗಿಟಾರಿನದ್ದು ಅಂತ ತಿಳಿದ ಮೇಲೂ, "ಒಂದು ಶ್ರುತಿಯನ್ನೂ ಇದರೊಳಗೆ ಹಾಕಿಬಿಡಿ ಮಾರಾಯ್ರೆ" ಅಂದಿದ್ದರು. ಬಾಸ್ ಚಹಾ ಕೊಟ್ಟು, ಕೈ ಮುಗಿದು, ಆಯ್ತು, ಮಾಡುವ ಅಂದಿದ್ದರು.

"ಯಾವ ಸ್ವಿಚ್ಚಿಗೆ ಹಾಕಿದ್ದೀರಿ?" ಚೀಲ ಕೆಳಗಿಟ್ಟು ಕೇಳಿದೆ.

"ಎಲ್ಲಾ ತುಂಬಿದ್ವಲ್ರಿ. ಅದಕ್ಕ ಮೌನದ ಸ್ವಿಚ್ಚಿಗೇ ಹಾಕೀನ್ರಿ. ತಟ್ಟಿದ್ರ ಮೌನ. ಒತ್ತಿ ಹಿಡಿದ್ರ ಶ್ರುತಿ."

ಅಂಕಲ್ ತಟ್ಟುವ ಜಾತಿಯವರಲ್ಲ. ಹೆದರಿಕೆ ಇರುವವರು ಯಾರೂ ತಟ್ಟುವುದಿಲ್ಲ, ಒತ್ತಿ ಹಿಡಿಯುತ್ತಾರೆ. ನನಗೆ ಅದು ಚೆನ್ನಾಗಿ ಗೊತ್ತು, ನಾನು ಲಿಫ್ಟಿನ ಬಟನ್ ಕೂಡ ಹಾಗೆಯೇ ಒತ್ತುವವಳು.

ಫೋನ್ ಮಾಡಿದೆ. ನಾನಾಗಿಯೇ, ವಾಕ್ಯ ಬಾಯಿಪಾಠ ಮಾಡದೆ. ಎತ್ತಲಿಲ್ಲ. ಪುನಃ ಮಾಡಿದೆ, ಎತ್ತಲಿಲ್ಲ. ಹಬ್ಬದ ತಯಾರಿಯಲ್ಲಿ ಇರಬೇಕು. 'ಅಂಕಲ್, ಸ್ವಿಚ್ ಒತ್ತಿ ಹಿಡಿಯಬೇಡಿ, ತಟ್ಟಿ ಬಿಡಿ' ಅಂತ ಮೆಸೇಜ್ ಹಾಕಿದೆ. ಒಂದೇ ಗೀಟು ಬಿತ್ತು, ಅಂದರೆ ಮೆಸೇಜ್ ಅವರ ಫೋನಿಗೆ ತಲುಪಿಲ್ಲ. ಭಾನುವಾರ ಬೆಳಗ್ಗೆ ಪುತ್ತೂರಿನ ಹತ್ತಿರದ ಸವಣೂರಿನ ನಮ್ಮ ಮನೆಯಲ್ಲಿ ಎದ್ದು ನೋಡಿದೆ, ಒಂದೇ ಗೀಟು. ದೋಸೆ ತಿನ್ನುವಾಗಲೂ ಒಂದೇ ಗೀಟು. "ಎಂತ ಆಯ್ತು ನಿಂಗೆ? ದೋಸೆಗೆ ಉಪ್ಪು ಕಮ್ಮಿಯಾ?" ಅಂತ ಅಮ್ಮ ಕೇಳಿದರು. ನಾನು ಗಡಿಯಾರ ನೋಡುತ್ತಿದ್ದೆ. ಈಗ ಪೂಜೆ ಶುರು. ಈಗ ಹಾಡು. ಈಗ ಮೌನ.

ಅಂಕಲ್‌ರ ಫೋನ್ ಬಂದಾಗ ಒಂದೇ ರಿಂಗಿಗೆ ಎತ್ತಿದೆ.

"ಮೋಳೆ, ನಿನ್ನ ಮೆಸೇಜ್ ಈಗ ನೋಡಿದೆ."

"ಅಂಕಲ್... ಒತ್ತಿ ಹಿಡಿದ್ರಾ?"

"ಹಿಡಿಯದೆ? ಗುಂಯ್ ಬರಬಾರದು ಅಂತ ಪೂರ್ತಿ ಮೈಭಾರ ಹಾಕಿ ಒತ್ತಿದ್ದೇನೆ. ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಪೆಟ್ಟಿಗೆ ಶುರು ಮಾಡಿತು ಮೋಳೆ. 'ಆಂ...' ಅಂತ. ಕಾಲು ತೆಗೆದೆ, ನಿಲ್ಲುದಿಲ್ಲ. ಇಡೀ ಇಗರ್ಜಿ ತುಂಬಿತು. ನಾನು ಕಣ್ಣು ಬಿಡ್ಲೇ ಇಲ್ಲ, ಬಿಟ್ಟರೆ ಫಾದರ್ ಕಾಣ್ತಾರಲ್ಲ."

"ಆಮೇಲೆ?"

"ಪೂಜೆ ಆದ ಮೇಲೆ ಒಳಗೆ ಕರೆದ್ರು. ನಾನು ಗಿಟಾರ್ ಚೀಲಕ್ಕೆ ಹಾಕಿ, ಜಿಪ್ ಎಳೆದೇ ಹೋದೆ. ಫಾದರ್ ಕೇಳಿದ್ರು, ಈ ಮೌನ ಎಲ್ಲಿಂದ ತರಿಸಿದ್ದು ಅಂತ. ಪುತ್ತೂರಿಂದ ಅಂದೆ. ಆಗ ಹೇಳ್ತಾರೆ, ಇಷ್ಟು ವರ್ಷದಲ್ಲಿ ಆ ಒಂದು ನಿಮಿಷ ಯಾರೂ ಕೆಮ್ಮದೇ ಇದ್ದದ್ದು ಇವತ್ತೇ ಮೊದಲು. ಇನ್ನು ಪ್ರತಿ ವಾರ ಇದೇ ಮೌನ ಇರಲಿ ಅಂತ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಗಾದ್ರೆ ಗಿಟಾರ್?"

"ಗಿಟಾರ್ ಇಲ್ಲದೆ ಪೆಟ್ಟಿಗೆ ಬರ್ತದಾ? ಗಿಟಾರೂ ಇರ್ತದೆ, ನಾನೂ ಇರ್ತೇನೆ. ಆದ್ರೆ ಫಾದರ್‌ದು ಒಂದು ಸಣ್ಣ ರಿಕ್ವೆಸ್ಟ್ ಉಂಟು. ಮೌನ ಅವರ ಸ್ವರಕ್ಕೆ ಸ್ವಲ್ಪ ಎತ್ತರ ಆಯ್ತಂತೆ."

ಸೋಮವಾರ ಬಾಸ್ ಹತ್ತಿರ ಹೋಗಿ, ಬಾಗಿಲು ಅರ್ಧ ಮುಚ್ಚಿ, ಎಲ್ಲ ಹೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟು ಕೇಳಿದರು. ಕೊನೆಗೆ, ಅಭ್ಯಾಸದಂತೆ, "ಆಯ್ತು, ಮಾಡುವ" ಅಂದರು.

ಬಾಗಿಲನ್ನು ಪೂರ್ತಿ ಮುಚ್ಚಬೇಕಿತ್ತು. ಆಚೆಯಿಂದ ಕುರ್ಚಿ ಸರಿದ ಸದ್ದು ಕೇಳಿತು. ಆಮೇಲೆ ಬಹಳ ಉತ್ಸಾಹದ ಸ್ವರ:

"ಮೇಡಂ, ಮೌನ ಯಾವ ಶ್ರುತಿಗೆ ಇಡ್ಲಿರಿ?"