ಖಾಲಿ ಚೀಲದ ವಾಕಿಂಗು

ನಮ್ಮ ಕಡೆ ನಡೆಯುವುದು ಎಂಬ ಕೆಲಸವೇ ಇಲ್ಲ. ಹೋಗುವುದಿದೆ, ಬರುವುದಿದೆ. ತೋಟಕ್ಕೆ ಹೋಗುತ್ತೇವೆ, ತಿಪಟೂರಿಗೆ ಹೋಗುತ್ತೇವೆ, ಬೀಗರ ಮನೆಗೆ ಹೋಗಿ ಬರುತ್ತೇವೆ. ಆ ಹೊತ್ತಿನಲ್ಲಿ ಕಾಲುಗಳು ತಮ್ಮ ಪಾಡಿಗೆ ಏನೋ ಮಾಡಿಕೊಂಡಿರುತ್ತವೆ. ಅದಕ್ಕೊಂದು ಹೆಸರಿಡಬೇಕೆಂದು ಯಾರಿಗೂ ಅನ್ನಿಸಿಲ್ಲ. ಎಲ್ಲಿಗೂ ಹೋಗದೆ, ಏನನ್ನೂ ತರದೆ, ಹೋದಷ್ಟೇ ದೂರ ವಾಪಸು ಬರುವವನನ್ನು ನಮ್ಮೂರಿನಲ್ಲಿ ಮೊದಲು ಕೂರಿಸಿ ನೀರು ಕುಡಿಸುತ್ತಾರೆ. ಆಮೇಲೆ ಅವನ ಮನೆಯವರಿಗೆ ಹೇಳಿ ಕಳಿಸುತ್ತಾರೆ.

ಇಂಥ ಊರಿನಲ್ಲಿ ಇದ್ದುಕೊಂಡು ನಾನು ವಾಕಿಂಗು ಶುರುಮಾಡಿದೆ. ನಾನು ಮಿಡ್ಲ್ ಸ್ಕೂಲು ಮುಗಿಸದೆಯೇ ಶಾಲೆ ಬಿಟ್ಟವನು. ಬಿಟ್ಟ ದಿನದಿಂದ ಇವತ್ತಿನವರೆಗೆ ಕೈ ಖಾಲಿ ಇಟ್ಟುಕೊಂಡವನಲ್ಲ. ತೋಟದಿಂದ ಬರುವಾಗಲೂ ಒಂದು ಒಣಗರಿಯನ್ನಾದರೂ ಎಳೆದುಕೊಂಡು ಬರುವವನು. ಅಂಥವನ ತೋಳಿಗೆ ತಿಪಟೂರಿನ ಡಾಕ್ಟರು ಪಟ್ಟಿ ಸುತ್ತಿ, ಗಾಳಿ ಒತ್ತಿ, ಬಿಪಿ ಏರಿದೆ ಎಂದರು. "ಮಾತ್ರೆ ಇರಲಿ, ಅದಕ್ಕಿಂತ ಮುಖ್ಯ ದಿನಕ್ಕೊಂದು ಕ್ರಮ ಇಟ್ಟುಕೊಳ್ಳಿ. ಬೆಳಿಗ್ಗೆ ಕೈ ಬೀಸಿಕೊಂಡು ನಡೀರಿ. ಸಂಜೆ ಸ್ವಲ್ಪ ಹೊತ್ತು ಏನೂ ಮಾಡದೆ ಕೂತ್ಕೊಳ್ಳಿ" ಎಂದರು.

"ದಿನಾ ತೋಟದಲ್ಲಿ ದುಡೀತೀನಲ್ಲ ಸ್ವಾಮಿ" ಎಂದೆ.

"ಅದು ದುಡಿಮೆ. ಇದು ಆರೋಗ್ಯ" ಎಂದರು. ಇವೆರಡೂ ಬೇರೆಬೇರೆ ಎಂದು ಈ ವಯಸ್ಸಿನಲ್ಲಿ ತಿಳಿದಾಗ ಬಿಪಿ ಇನ್ನಷ್ಟು ಏರಿರಬೇಕು. ಆದರೆ ಅಷ್ಟರಲ್ಲಿ ಅವರು ಪಟ್ಟಿ ಬಿಚ್ಚಿಬಿಟ್ಟಿದ್ದರು.

ಸಂಜೆಯ ಕ್ರಮ ಬೇಗ ಕೆಟ್ಟಿತು. ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತೆ. ನನ್ನ ಹೆಂಡತಿ ಪುಟ್ಟಮ್ಮ ಒಳಗಿನಿಂದ ಒಂದು ಸಲ ಇಣುಕಿದಳು, ಇನ್ನೊಂದು ಸಲ ಇಣುಕಿದಳು. ಮೂರನೆಯ ಸಲ ತೆಂಗಿನ ಗರಿಯ ಹೊರೆಯನ್ನೇ ತಂದು ಮುಂದೆ ಹಾಕಿದಳು. "ಎಂಗೂ ಸುಮ್ನೆ ಕುಂತಿದೀರಲ್ಲ, ಒಸಿ ಕಡ್ಡಿನಾದ್ರೂ ಹೆರೀರಿ" ಎಂದಳು. ಸುಮ್ಮನೆ ಕೂರುವುದೇ ಕೆಲಸ ಎಂದು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ನನಗೇ ಅದರಲ್ಲಿ ನಂಬಿಕೆಯಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ನೆಲಕ್ಕಿಂತ ಪೊರಕೆಗಳೇ ಹೆಚ್ಚಾಗಿ, ನೆಂಟರು ಬಂದರೆ ವೀಳ್ಯದೆಲೆಯ ಜೊತೆ ಒಂದೊಂದು ಪೊರಕೆಯನ್ನೂ ಕೊಟ್ಟು ಕಳಿಸುವಂತಾಯಿತು.

ಬೆಳಗಿನದಾದರೂ ಉಳಿಯಲಿ ಎಂದು ಹಟ ಹಿಡಿದೆ. ಮೊದಲ ದಿನ ಕೈ ಬೀಸಿಕೊಂಡು ಬಿಳಿಗೆರೆ ದಾರಿ ಹಿಡಿದರೆ, ಎದುರಾದವರೆಲ್ಲ "ಎತ್ಲಾಗೆ ಹೊಂಟೆ?" ಎಂದರು. ಎಲ್ಲಿಗೂ ಇಲ್ಲ ಎಂದರೆ ಯಾರಿಗೂ ಸಮಾಧಾನವಿಲ್ಲ. ಒಬ್ಬ ಅಜ್ಜಿಯಂತೂ "ಮನೇಲೇನಾರ ಮಾತುಕತೆ ಆಯ್ತೇನಪ್ಪ?" ಎಂದು ಮರುಗಿತು. ಹಿಂದಿನಿಂದ ಬಂದ ಮೊಪೆಡ್ಡಿನವನು "ಬಸ್ ತಪ್ಪೋಯ್ತಾ? ಹತ್ತಣ್ಣ, ಹತ್ತಣ್ಣ" ಎಂದು ಬಲವಂತ ಮಾಡಿ, ತಿಪಟೂರಿನಲ್ಲೇ ಇಳಿಸಿದ. ಅಲ್ಲಿ ಟೀ ಕುಡಿದು, ಬಸ್ಸು ಹತ್ತಿ ಊರಿಗೆ ಬಂದೆ. ಮೊದಲ ದಿನದ ವ್ಯಾಯಾಮ ಇಷ್ಟು.

ಮನೆಗೆ ಬಂದು ಯೋಚಿಸಿದೆ. ತಪ್ಪಿರುವುದು ಖಾಲಿ ಕೈಯಲ್ಲಿ. ಮಾರನೆಯ ದಿನ ಇನ್ನೂ ಮಬ್ಬುಗತ್ತಲು ಇರುವಾಗಲೇ, ಹೆಚ್ಚು ಜನ ಎದುರಾಗದ ತೋಟಸಾಲಿನ ಗಾಡಿದಾರಿ ಹಿಡಿದೆ. ಕೈಯಲ್ಲೊಂದು ದೊಡ್ಡ ಗೋಣಿಚೀಲ ಮಡಿಚಿಟ್ಟುಕೊಂಡೆ. ಉಪಾಯ ಫಲಿಸಿತು. ಯಾರೂ ಏನೂ ಕೇಳಲಿಲ್ಲ. ಚೀಲ ಹಿಡಿದವನಿಗೆ ಒಂದು ಘನತೆಯಿದೆ, ಅವನು ಯಾವುದೋ ಕೆಲಸದ ಮೇಲಿದ್ದಾನೆ ಎಂದು ಜನ ದಾರಿ ಬಿಡುತ್ತಾರೆ ಎಂದುಕೊಂಡೆ.

ಆ ದಾರಿಯುದ್ದಕ್ಕೂ ನಮ್ಮೂರ ಬಸಲಿಂಗಣ್ಣನ ತೋಟ. ವಾರ ಕಳೆಯುವುದರಲ್ಲಿ ಒಂದು ಸಂತೋಷದ ವಿಷಯ ಕಂಡೆ. ಹೊತ್ತೇರುವವರೆಗೆ ಮಲಗುವ ಬಸಲಿಂಗಣ್ಣನೂ ಬೆಳಗಿನ ಜಾವವೇ ಎದ್ದು ತೋಟದಲ್ಲಿ ಓಡಾಡುತ್ತಿದ್ದ. ಬೇಲಿಯೀಚೆ ನಾನು, ಬೇಲಿಯಾಚೆ ಅವನು. ನಾನು ಜೋರಾಗಿ ನಡೆದರೆ ಅವನೂ ಜೋರು, ನಾನು ಸುಧಾರಿಸಿಕೊಳ್ಳಲು ನಿಂತರೆ ಅವನೂ ನಿಲ್ಲುವನು. "ಏನ್ ಬಸಲಿಂಗಣ್ಣ, ನೀನೂ ಶುರು ಅಚ್ಕಂಡ್ಯಾ?" ಎಂದು ಕೂಗಿದರೆ, ಬ್ಯಾಟರಿ ಬೆಳಕನ್ನು ನನ್ನ ಚೀಲದ ಮೇಲೆ ಬಿಟ್ಟು "ಊಂ" ಎನ್ನುವನು. ನನ್ನನ್ನು ನೋಡಿ ಊರು ತಿದ್ದಿಕೊಳ್ಳುತ್ತಿದೆ ಎಂದು ಎದೆಯುಬ್ಬಿತು.

ಉಬ್ಬಿದ ಎದೆಯನ್ನು ಇಳಿಸಿದವಳು ಪುಟ್ಟಮ್ಮ. ನೀರಿಗೆ ಹೋಗಿ ಬಂದವಳು ಬಿಂದಿಗೆಯನ್ನು ದಡಕ್ಕನೆ ಕುಕ್ಕಿ, "ಕತ್ಲಲ್ಲಿ ಚೀಲ ಇಡ್ಕಂಡು ಕಂಡೋರ ತೋಟದ ಮಗ್ಗುಲಲ್ಲಿ ಏನ್ ಮಾಡ್ತಿದ್ರಿ? ನಲ್ಲಿತಾವ ಎಲ್ರೂ ನನ್ನೇ ನೋಡ್ತಾವ್ರೆ" ಎಂದಳು.

ತೆಂಗಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ರಾತ್ರಿ ಮರದಿಂದ ಉದುರಿದ ಕಾಯಿ ಬೆಳಿಗ್ಗೆ ತೋಟದವನು ಬರುವವರೆಗೆ ಅನಾಥ. ಆ ಹೊತ್ತಿನಲ್ಲಿ ಖಾಲಿ ಚೀಲ ಹಿಡಿದು ಬೇಲಿಯ ಪಕ್ಕ ಸುಳಿಯುವವನ ಕಸುಬು ಏನೆಂದು ಯಾರೂ ಕೇಳುವುದಿಲ್ಲ. ನನ್ನನ್ನೂ ಅದಕ್ಕೇ ಕೇಳಿರಲಿಲ್ಲ. ಬೆವರು ಸುರಿಸಿ ತೋಟ ಮಾಡಿದ ನಾನು ಬಿದ್ದ ಕಾಯಿ ಆಯುವವನಾಗಿ ಹೋಗಿದ್ದೆ.

ಮೈಯೆಲ್ಲ ಉರಿದು ನೆಟ್ಟಗೆ ಬಸಲಿಂಗಣ್ಣನ ಮನೆಗೆ ಹೋದೆ. ಅವನ ಮುಂದೆ ಚೀಲ ಒದರಿದೆ. ಒಂದಿಷ್ಟು ಧೂಳು ಬಿತ್ತು.

"ಡಾಕ್ಟ್ರು ನಡಿ ಅಂದವ್ರೆ ಕಣಯ್ಯ, ಅದಕ್ಕೆ ನಡೀತಿದ್ದೆ!"

"ನಡಿಯಕ್ಕೆ ಚೀಲ ಯಾಕಣ್ಣ?"

"ಬರಿಗೈಲಿ ಹೋದ್ರೆ ಜನ ಏನಂದಾರು?"

ಬಸಲಿಂಗಣ್ಣ ನನ್ನನ್ನೂ ಚೀಲವನ್ನೂ ಬಹಳ ಹೊತ್ತು ನೋಡಿದ. "ಕಳ್ಳ ಅನ್ನಕಿಲ್ಲ" ಎಂದ. ಆಮೇಲೆ ಕಾಫಿ ಕುಡಿಸಿ, ಅನುಮಾನಪಟ್ಟದ್ದಕ್ಕೆ ನೊಂದುಕೊಂಡು, ಊರಿನಲ್ಲಿ ನಾಲ್ಕು ಜನಕ್ಕೆ ನನ್ನ ಬಿಪಿಯ ವಿಷಯವನ್ನು ತಾನೇ ಹೇಳಿ ಬಂದ. ಮಾನ ಉಳಿಯಿತು. ನಾನು ಚೀಲವನ್ನು ಗೂಟಕ್ಕೆ ನೇತುಹಾಕಿ ವಾಕಿಂಗು ನಿಲ್ಲಿಸಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಎರಡು ತಿಂಗಳಾದ ಮೇಲೆ ಬಸಲಿಂಗಣ್ಣನೇ ನಮ್ಮ ಜಗಲಿಗೆ ಬಂದು, ಕೂರದೆ, ಕಂಬ ಹಿಡಿದು ನಿಂತ. ಅವನಿಗೆ ಹಳೆಯ ಸಕ್ಕರೆ ಕಾಯಿಲೆ. ಅದೇ ಡಾಕ್ಟರ ಹತ್ತಿರ ತೋರಿಸುತ್ತಾನೆ. "ನಿನ್ನ ಕಾಯ್ತಿದ್ದ ಟೈಮಲ್ಲಿ ಸಕ್ಕರೆ ಇಳಿದಿತ್ತಂತೆ ಕಣಣ್ಣ. ಈಗ ತಿರುಗಾ ಏರೈತೆ. ಏನ್ ಮಾಡ್ತಿದ್ಯೋ ಅದನ್ನೇ ಮಾಡು ಅಂತ ಡಾಕ್ಟ್ರು ಬೈದು ಕಳಿಸಿದ್ರು."

"ಹಂಗಾದ್ರೆ ಬೆಳಿಗ್ಗೆ ಎದ್ದು ನಡಿ."

"ಎಚ್ಚರ ಆಗಬೇಕಲ್ಲಣ್ಣ? ನೀನು ಬತ್ತೀಯ ಅಂದ್ರೆ ಆಯ್ತದೆ."

"ಸರಿ, ಬತ್ತೀನಿ ಬುಡು."

ಅವನು ಕಂಬವನ್ನು ಉಗುರಿನಿಂದ ಕೆರೆದ. "ಚೀಲ ಇರ್ಲಿ" ಎಂದ.

"ಚೀಲ ಯಾಕಯ್ಯ?" ಎಂದೆ.

"ಬರಿಗೈಲಿ ಬಂದ್ರೆ ನನ್ಗೆ ನಿದ್ದೆ ಕೆಡಕಿಲ್ಲ ಕಣಣ್ಣ. ನೀನು ಒಳ್ಳೇನು ಅಂತ ಗೊತ್ತಾಗೋಯ್ತಲ್ಲ, ಅದೇ ತೊಂದ್ರೆ ಆಗಿರೋದು."

ಮಾನ ಮರ್ಯಾದೆಯಿಂದ ಬದುಕಿದ ಮನುಷ್ಯನಿಗೆ ಹೇಳುವ ಮಾತೇ ಇದು? ಬೈದೇ ಕಳಿಸಿದೆ. ಆದರೆ ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಅವನ ಬಾಡಿದ ಮುಖ ನೆನಪಾಯಿತು. ಗೂಟದ ಮೇಲಿನ ಚೀಲ ತೆಗೆದುಕೊಂಡೆ. ಬೇಲಿಯಾಚೆ ಬ್ಯಾಟರಿ ಹೊತ್ತಿತು.

ಅಂದಿನಿಂದ ಕ್ರಮ ತಪ್ಪಿಲ್ಲ. ಇಬ್ಬರ ಆರೋಗ್ಯವೂ ಸುಧಾರಿಸಿದೆ. ಮೊನ್ನೆ ಮಾತ್ರ ಅವನ ನಡಿಗೆ ಯಾಕೋ ಸಡಿಲವಾಗಿತ್ತು. ಬ್ಯಾಟರಿಯನ್ನೂ ಆಕಾಶಕ್ಕೆ ಬಿಟ್ಟುಕೊಂಡು ಬರುತ್ತಿದ್ದ. ಮನುಷ್ಯನಿಗೆ ಮತ್ತೆ ನಂಬಿಕೆ ಹುಟ್ಟುತ್ತಿದೆ ಎಂದು ಗಾಬರಿಯಾಯಿತು. ಅವನ ಮರದ ಒಂದು ಕಾಯಿ ದಾರಿಯ ಅಂಚಿಗೆ ಉರುಳಿಬಂದಿತ್ತು. ಅವನಿಗೆ ಕೇಳಿಸುವಂತೆ ಕೆಮ್ಮಿ, ಅದನ್ನೆತ್ತಿ ಚೀಲಕ್ಕೆ ಹಾಕಿದೆ. ಬಸಲಿಂಗಣ್ಣ ಬೇಲಿಯುದ್ದಕ್ಕೂ ಓಡಿಬಂದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಯಲ್ಲಿ ಪುಟ್ಟಮ್ಮ ಚಟ್ನಿಗೆಂದು ಕಾಯಿ ಒಡೆಯುತ್ತಾ, "ಇದು ನಮ್ ಮರದ ಕಾಯಲ್ವಲ್ಲ, ಎಲ್ಲೀದು?" ಎಂದಳು.

"ಡಾಕ್ಟ್ರು ಹೇಳಿರೋದು" ಎಂದೆ.