ಐದು ಮಂದಿಯ ದ್ವೀಪಕ್ಕೆ ನಾನು ಕೊಟ್ಟ ಟೈಮು

ಜೂನ್ 14, ಶನಿವಾರ, ಬೆಳಿಗ್ಗೆ 9 ಗಂಟೆ 5 ನಿಮಿಷ. ನನ್ನ ಮಾನ ಹೋಗಲು ಶುರುವಾದ ಹೊತ್ತು ಇದು. ಇಷ್ಟು ನಿಖರವಾಗಿ ಹೇಳಬಲ್ಲೆ, ಯಾಕೆಂದರೆ ನಾನು ಎಲ್ಲವನ್ನೂ ಬರೆದಿಡುವವನು. ಸಂಶೋಧನೆಗೆಂದು ನೆದರ್ಲೆಂಡಿನ ಯುಟ್ರೆಕ್ಟ್‌ಗೆ ಬಂದ ಮೇಲೆ ತಪ್ಪಿಹೋದ ರೈಲು ಹನ್ನೊಂದು, ಸೈಕಲ್ ಪಂಕ್ಚರ್ ನಾಲ್ಕು, ಡಚ್ಚರ ಮನೆಯಲ್ಲಿ ಕಾಫಿಯ ಜೊತೆ ಎರಡನೇ ಬಿಸ್ಕತ್ತು ಸಿಕ್ಕದ್ದು ಸೊನ್ನೆ. ಹೀಗೆ ಲೆಕ್ಕ ಇಡುವವರಿಗೆಲ್ಲ ಒಂದು ಕಾಯಿಲೆ ಇರುತ್ತದೆ. ಶಿಸ್ತು ಎಂಬುದು ಜಗತ್ತಿನಲ್ಲಿ ತಮ್ಮೊಬ್ಬರ ಬಳಿ ಮಾತ್ರ ಇದೆ ಎಂದುಕೊಂಡಿರುತ್ತಾರೆ.

ರಾಟರ್‌ಡ್ಯಾಮಿನಲ್ಲಿ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಕ್ರೀಡಾಕೂಟ. ಈಜು, ಜೂಡೊ, ಓಟ ಎಲ್ಲ ಸೇರಿ. ಒಂದು ದೇಶದ ತಂಡವನ್ನು ನೋಡಿಕೊಳ್ಳುವ ಸ್ವಯಂಸೇವಕನಾಗಿ ಹೆಸರು ಕೊಟ್ಟೆ. ದೊಡ್ಡ ದೇಶದ ತಂಡ ಸಿಕ್ಕೀತು ಎಂದುಕೊಂಡಿದ್ದರೆ, ಸಿಕ್ಕಿದ್ದು ಭೂಪಟದ ಮೇಲೆ ಬೆರಳಿಟ್ಟರೆ ಮುಚ್ಚಿಹೋಗುವ ಪೆಸಿಫಿಕ್ ದ್ವೀಪ. ತಂಡದಲ್ಲಿ ಐದೇ ಮಂದಿ. ಕೋಚ್ ತೊಮಾಸಿ ಎಂಬ ಹಿರಿಯರು. ವೈದ್ಯರೂ ಅವರೇ, ಬಾವುಟಕ್ಕೆ ಇಸ್ತ್ರಿ ಹಾಕುವವರೂ ಅವರೇ. ಮೂವರು ಹುಡುಗರು ಮೊದಲ ದಿನವೇ ಸೋತು ಅಂಗಡಿ ಸುತ್ತಲು ಹೊರಟರು. ಉಳಿದದ್ದು ಲೀಟಾ ಎಂಬ ಹುಡುಗಿಯ ಎಂಟುನೂರು ಮೀಟರ್ ಓಟ. "ನಮ್ಮ ದ್ವೀಪದ ಹೆಣ್ಣುಮಗಳೊಬ್ಬಳು ಇಂಥ ಕೂಟದಲ್ಲಿ ಓಡುವುದು ಇದೇ ಮೊದಲು. ಗೆರೆಯ ತನಕ ತಲುಪಿಸು, ಸಾಕು. ಆಮೇಲಿನದು ಅವಳು ನೋಡಿಕೊಳ್ಳುತ್ತಾಳೆ" ಎಂದರು ತೊಮಾಸಿ.

ನನ್ನ ರೂಮಿನವನು ಧಾರವಾಡದ ಬಸು. ಕೇಳಿದ್ದೇ ನಕ್ಕ. "ಐದ ಮಂದೀನ? ನಮ್ಮ ಮನ್ಯಾಗ ಊಟಕ್ಕ ಕುಂತರ ಪಂಕ್ತಿ ಇದಕ್ಕಿಂತ ಉದ್ದ ಇರ್ತೈತಲೇ!" ನಾನೂ ನಕ್ಕೆ. ದೊಡ್ಡ ಕೂಟಗಳ ಪದಕಪಟ್ಟಿಯಲ್ಲಿ ನಮ್ಮ ದೇಶವನ್ನು ಕೆಳಗಿನಿಂದ ಹುಡುಕಿ ಅಭ್ಯಾಸವಾದವರಿಗೆ ಐದು ಮಂದಿಯ ತಂಡ ಸಿಕ್ಕರೆ ಕತ್ತು ತಾನಾಗಿ ಎತ್ತರವಾಗುತ್ತದೆ.

ಶನಿವಾರ ಮೊದಲ ಸುತ್ತು. ತಂಡ ಉಳಿದುಕೊಂಡಿದ್ದ ಹಾಸ್ಟೆಲಿನಿಂದ ವ್ಯಾನು ಹೊರಡುವುದು ಒಂಬತ್ತಕ್ಕೆ. ನಾನು ಅವರಿಗೆ ಹೇಳಿದ್ದು ಎಂಟು. ಇದು ನಮ್ಮ ಮನೆತನದ ವಿದ್ಯೆ. ಮದುವೆಗೆ ಹೊರಡುವ ದಿನ ಅಪ್ಪ ದೊಡ್ಡತ್ತೆಗೆ ಯಾವಾಗಲೂ ಒಂದು ಗಂಟೆ ಮುಂಚಿನ ಟೈಮನ್ನೇ ಹೇಳುತ್ತಿದ್ದರು. ಅತ್ತೆ ಸೀರೆಯ ನೆರಿಗೆ ಹಿಡಿದುಕೊಂಡೇ ಓಡಿಬಂದು ಸರಿಯಾದ ಹೊತ್ತಿಗೆ ವ್ಯಾನು ಹತ್ತುತ್ತಿದ್ದರು. ದ್ವೀಪದವರೆಂದ ಮೇಲೆ ದೊಡ್ಡತ್ತೆಗಿಂತ ಬೇಗ ಬಂದಾರೆಯೇ?

ತೊಮಾಸಿ ಮತ್ತು ಲೀಟಾ ಬಂದದ್ದು 9:05ಕ್ಕೆ. ಡಚ್ ಡ್ರೈವರ್ ಖಾಲಿ ವ್ಯಾನನ್ನು ಒಂಬತ್ತಕ್ಕೆ ಸರಿಯಾಗಿ ಹೊರಡಿಸಿಕೊಂಡು ಹೋಗಿದ್ದ.

"ಎಂಟು ಅಂದಿದ್ದೆನಲ್ಲ ಸರ್!"

"ಎಂಟು ಅಂದರೆ ಒಂಬತ್ತು ಎಂದಲ್ಲವೇ? ನಮ್ಮಲ್ಲೂ ಹೀಗೇ ಹೇಳುವುದು. ನೀನು ಇಂಡಿಯಾದವನು, ನಿನಗೆ ಇಷ್ಟೂ ತಿಳಿಯದೇ?"

ಮುಂದಿನ ಬಸ್ಸಿಗೆ ಅರ್ಧ ಗಂಟೆ. ಲೀಟಾ ಶೂ ಲೇಸು ಬಿಗಿದಳು, ಕ್ರೀಡಾಂಗಣದ ದಿಕ್ಕು ಕೇಳಿದಳು, ಓಡಿಯೇಬಿಟ್ಟಳು. ಮೂರು ಕಿಲೋಮೀಟರ್. ನಾನು ಬಾಡಿಗೆ ಸೈಕಲ್ ಹತ್ತಿ ಬೆನ್ನಟ್ಟಿದೆ. ಎದುರುಗಾಳಿ. ಎರಡನೇ ಸಿಗ್ನಲ್ ದಾಟುವ ಹೊತ್ತಿಗೆ ಅವಳು ಕಣ್ಣಿಗೇ ಬೀಳಲಿಲ್ಲ. ಆಗ ನೆನಪಾಯಿತು: ಇವರು ಕಳೆದುಹಾಕಿಬಿಟ್ಟಾರು ಎಂದು ಅವಳ ನಂಬರ್ ಬಟ್ಟೆಯನ್ನು ನನ್ನ ಫೈಲಿನಲ್ಲಿ ಭದ್ರವಾಗಿ ಇಟ್ಟುಕೊಂಡವನು ನಾನೇ.

ನಂಬರ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಗೇಟಿನ ಮುಂದೆ ಅವಳು ನಿಂತಲ್ಲೇ ಕುಪ್ಪಳಿಸುತ್ತಿದ್ದಳು. ಗೇಟು ಮುಚ್ಚಲು ಎರಡು ನಿಮಿಷ ಇರುವಾಗ ಏದುಸಿರು ಬಿಡುತ್ತ ತಲುಪಿದೆ. "ಗಾಳಿ ಜಾಸ್ತಿ" ಎಂದೆ. "ನನಗೂ ಅದೇ ಗಾಳಿ" ಎಂದಳು, ಬಟ್ಟೆ ಕಿತ್ತುಕೊಂಡು. ಒಂಬತ್ತು ಮಂದಿಯಲ್ಲಿ ಎಂಟು ಮಂದಿಗೆ ಫೈನಲ್. ಒಬ್ಬಳ ಕಾಲು ಉಳುಕಿತು. ಲೀಟಾ ಎಂಟನೆಯವಳು. ತೊಮಾಸಿ ಅಳುತ್ತ ಬಾವುಟ ಬೀಸಿದರು, ತಲೆಕೆಳಗಾಗಿ.

ಅಂದು ಸಂಜೆ ಅವರೇ ನನಗೆ ಟೈಮು ಕೊಟ್ಟರು. "ನಾಳೆ ಫೈನಲ್. ಎಂಟಕ್ಕೆ ಬಾ." ನಾನು ಒಳಗೊಳಗೇ ನಕ್ಕೆ. ಒಂದೇ ದಿನದಲ್ಲಿ ಅವರ ಭಾಷೆ ಕಲಿತುಬಿಟ್ಟಿದ್ದೆನಲ್ಲ! ಭಾನುವಾರ ಸರಿಯಾಗಿ ಒಂಬತ್ತಕ್ಕೆ ಹೋದೆ. ಹಾಸ್ಟೆಲಿನ ರೂಮು ಗುಡಿಸಿ ಬೀಗ ಹಾಕಿತ್ತು. ಆಗ ವೇಳಾಪಟ್ಟಿ ನೋಡಿದರೆ ಓಟ ಒಂಬತ್ತಕ್ಕೇ; ಅವರು ಹೊರಟದ್ದು ಎಂಟಕ್ಕೆ, ಓಟ ಮುಗಿಸಿ ಅಲ್ಲಿಂದಲೇ ವಿಮಾನಕ್ಕೆ. "ಲೇ, ಅವರು ಸುಧಾರಿಸಿದ್ರು, ನೀ ಕೆಟ್ಟಿ" ಎಂದ ಬಸು.

ಕೂಟದ ಜಾಲತಾಣದಲ್ಲಿ ಮೊದಲ ಮೂವರ ಹೆಸರಷ್ಟೇ ಇದೆ. ತೊಮಾಸಿಗೆ ಮೆಸೇಜ್ ಮಾಡಿ ಲೀಟಾ ಎಷ್ಟು ಸಮಯಕ್ಕೆ ಓಡಿದಳು ಎಂದು ಕೇಳಿದೆ. "ಬಂದಿದ್ದರೆ ಕಾಣುತ್ತಿತ್ತು" ಎಂಬ ಉತ್ತರ ಬಂತು. ನನ್ನ ಡೈರಿಯಲ್ಲಿ ಖಾಲಿ ಉಳಿದಿರುವ ಕಾಲಂ ಅದೊಂದೇ, ನೋಡಿದಾಗಲೆಲ್ಲ ಕಣ್ಣು ಚುಚ್ಚುತ್ತದೆ. ಓದುಗರಲ್ಲಿ ಯಾರಾದರೂ ಆ ಬೆಳಿಗ್ಗೆ ಅಲ್ಲಿದ್ದರೆ, ಆ ಎಂಟನೇ ಹುಡುಗಿ ಗೆರೆ ದಾಟಿದ ಹೊತ್ತನ್ನು ದಯವಿಟ್ಟು ನನಗೆ ಬರೆದು ತಿಳಿಸಿ. ಮುಂದಿನ ತಿಂಗಳ ಹದಿನೈದನೇ ತಾರೀಖು ಕೊನೆಯ ದಿನ. ಮೂವತ್ತರ ತನಕ ಕಾಯುತ್ತೇನೆಂಬುದನ್ನು ನಿಮಗೆ ಹೇಳುವುದಿಲ್ಲ.