ಚಡ್ಡಿ ಪರದೆ

ನಿಮ್ಮ ಅಜ್ಜನಷ್ಟು ಅವಸರದ ಮನುಷ್ಯರನ್ನು ನಾನು ಕಂಡಿಲ್ಲ, ಮಕ್ಕಳೇ. ನನ್ನನ್ನು ನೋಡಲು ಬಂದಾಗ, ಬಸಿಗೆ ಸುರಿದ ಚಹಾ ಆರುವುದರೊಳಗೆ ‘ಹೂಂ’ ಅಂದುಬಿಟ್ಟರು. ಈ ಮನೆಯನ್ನು ಬಾಡಿಗೆಗೆ ಹಿಡಿದದ್ದು ಮೆಟ್ಟಿಲ ಮೇಲೆ ನಿಂತುಕೊಂಡೇ, ಒಳಗೆ ಕಾಲಿಡದೆ! ಅಂಥವರು ಆರು ಕಿಟಕಿಗಳಿಗೆ ಪರದೆ ಆರಿಸಲು ಎಷ್ಟು ದಿನ ತೆಗೆದುಕೊಂಡರು ಅಂತೀರಿ? ನಾಲ್ಕು ತಿಂಗಳು! ಹೆಂಡತಿಗಿಂತ ಪರದೆಯನ್ನು ಹೆಚ್ಚು ಯೋಚಿಸಿ ಆರಿಸಿದ ಗಂಡ ಗೋವೆಯಲ್ಲಿ ಅವರೊಬ್ಬರೇ ಇರಬೇಕು.

ಪರದೆ ಬೇಕಾದದ್ದು ನನ್ನಿಂದಲೇ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು. ನಮ್ಮ ಊರಿನ ಮನೆಯಲ್ಲಿ ಕಿಟಕಿಯೆಂದರೆ ಬೆಕ್ಕು ಹಾಯುವಷ್ಟು. ನಿಮ್ಮ ಅಜ್ಜನಿಗೆ ಕುಡಚಡೆಗೆ ವರ್ಗವಾಗಿ ಬಂದು ಈ ಹಳೆಯ ಮನೆಯ ಮಾಳಿಗೆ ಹತ್ತಿದರೆ, ಕಿಟಕಿಗಳು ಬಾಗಿಲಷ್ಟು! ನೆಲದಿಂದ ಒಂದು ಗೇಣು ಮೇಲಕ್ಕೇ ಶುರು. ಕೆಳಗೆ ರಸ್ತೆಯಲ್ಲಿ ಯಾರಾದರೂ ಸುಮ್ಮನೆ ತಲೆ ಎತ್ತಿದರೂ ಸಾಕು, ನಾನು ಹಿಟ್ಟಿನ ಡಬ್ಬಿಯ ಹಿಂದೆ.

“ಹಿಂಗ ಅಡಗಿಕೊಂಡು ಎಷ್ಟು ದಿನ ಬಾಳ್ವೆ ಮಾಡಾಕಿ?” ಅಂದರು ಒಂದು ದಿನ.

“ಪರದಿ ಹಾಕಸ್ರಿ, ಅಡಗೂದಿಲ್ಲ.”

“ಪರದಿ ಹಾಕಿದ್ರ ನಿನಗೂ ಹೊರಗಿಂದು ಏನೂ ಕಾಣೂದಿಲ್ಲಲ್ಲ?”

“ನನಗೇನದರೀ ಹೊರಗ ನೋಡೂದು? ಧೂಳಾ?”

ಸುಳ್ಳು ಹೇಳಿದೆ, ಮಕ್ಕಳೇ. ಸಂಜೆ ಆರಕ್ಕೆ ರಸ್ತೆಯ ತಿರುವಿನಲ್ಲಿ ಒಂದು ಕರೀ ಕೊಡೆ ಕಾಣಿಸುತ್ತಿತ್ತು. ಬೇಸಿಗೆಯಲ್ಲೂ ಕೊಡೆ! ಗಣಿಯಿಂದ ಅದಿರು ಹೊತ್ತು ಬರುವ ಲಾರಿಗಳ ಧೂಳಿಗೆ ಅಂತೆ. ನಾನು ಗೋಡೆಗೆ ಅಂಟಿ ನಿಂತು, ಅರ್ಧ ಕಣ್ಣಿನಿಂದ ಆ ಕೊಡೆಯನ್ನು ನೋಡಿಯೇ ಚಹಾಕ್ಕೆ ನೀರಿಡುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನ ದಾರಿ ಕಾಯುತ್ತೇನೆ ಎಂದು ಬಾಯಿ ಬಿಟ್ಟು ಹೇಳುವುದಾದರೂ ಹೇಗೆ? ನಾಚಿಕೆ!

ಸರಿ, ಪರದೆ ಅಂಗಡಿಗೆ ಹೋದೆವು. ಟೇಲರ್ ನಮ್ಮ ಬಿಜಾಪುರದ ಕಡೆಯವನೇ. ಜನ ಗೋಡೆಯ ಬಣ್ಣ ಹೇಳಿ ಬಟ್ಟೆ ಕೇಳುತ್ತಾರೆ. ಇವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ನಮ್ಮ ಕಿಟಕಿಯಿಂದ ಬಳಿದು ತೆಗೆದ ಅದಿರಿನ ಕೆಂಪು ಧೂಳು!

“ಈ ಬಣ್ಣದ ಬಟ್ಟಿ ತೋರ್ಸು.”

“ಸಾಹೇಬ್ರ, ಇದು ಮಣ್ಣದರೀ!”

“ಹೌದಪಾ. ಎಂಥಾ ಬಟ್ಟಿ ಒಯ್ದ್ರೂ ವಾರದಾಗ ಇದ ಬಣ್ಣಕ್ಕ ಬರ್ತದ. ಮೊದಲ ಇದ ಬಣ್ಣದ್ದು ಒಯ್ದ್ರ ಇಕಿಗೆ ಒಗಿಯೂದು ಕಡಿಮಿ.”

“ಹಂಗಾದ್ರ ಬಟ್ಟಿ ಯಾಕ್ರೀ? ಗೋಣಿಚೀಲ ಕಟ್ರಿ!”

ಆ ಬಣ್ಣ ಅಲ್ಲಿ ಸಿಗಲಿಲ್ಲ. ಶುಕ್ರವಾರದ ಸಂತೆಗೆಂದು ಮ್ಹಾಪಸಾದವರೆಗೂ ಹೋಗಿ ಹನ್ನೊಂದು ತುಂಡು ತಂದರು. ದಿನಕ್ಕೊಂದು ತುಂಡನ್ನು ಕಿಟಕಿಗೆ ಕಟ್ಟಿ, ಎದುರಿಗೆ ಕುರ್ಚಿ ಹಾಕಿಕೊಂಡು, ಹೆಣ್ಣು ನೋಡಲು ಬಂದವರಂತೆ ಕೂರುವುದು! ಊಟವಾದ ಮೇಲೆ ಎಣ್ಣೆಗಾಯಿ ತಿಂದ ಕೈಯನ್ನು ತೊಳೆದೂ ತೊಳೆಯದಂತೆ ಮಾಡಿ ಅದಕ್ಕೇ ಒರೆಸುವುದು. “ಏನ್ರೀ ಇದು?” ಅಂದರೆ, “ಟವೆಲ್ ಇದ್ರೂ ಮಂದಿ ಪರದಿಗೇ ಕೈ ಒರಸ್ತಾರ. ಪರೀಕ್ಷಾ ಮಾಡಾಕತ್ತೇನಿ” ಅನ್ನುವುದು. ಪರೀಕ್ಷೆಯಲ್ಲಿ ಹತ್ತು ನಪಾಸಾಗಿ, ಇಟ್ಟಿಗೆ ಬಣ್ಣದ ಒಂದು ದಪ್ಪ ಬಟ್ಟೆ ಪಾಸಾಯಿತು.

ಟೇಲರ್ ಟೇಪು ಹಿಡಿದು ಅಳತೆಗೆ ಬಂದ. ಐದು ಕಿಟಕಿ ಮುಗಿಸಿ ಅಡಿಗೆಮನೆಗೆ ಬಂದರೆ, ಇವರು ಅಡ್ಡ ನಿಂತರು. “ಇದರ ಅಳತಿ ನಾ ಕೊಡ್ತೇನಿ.” ನಾನು ಕಿಟಕಿಯ ಮುಂದೆ ನೆಲದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಏಳಲು ಹೋದೆ.

“ಏಳಬ್ಯಾಡ. ಹಂಗ ಕುಂದರು. ಅಲಗ್ಯಾಡಬ್ಯಾಡ.”

ದಾರದ ಒಂದು ತುದಿಯನ್ನು ನೆಲಕ್ಕಿಟ್ಟು, ನನ್ನ ಹುಬ್ಬಿನವರೆಗೆ ಎಳೆದು, ಅಲ್ಲೊಂದು ಗಂಟು ಹಾಕಿದರು. “ಕೆಳಗ ಇಷ್ಟು ಬಿಟ್ಟು ಹೊಲಿ.”

“ಸಾಹೇಬ್ರ, ಪರದಿ ಕಿಡಕಿಗೋ, ಅಕ್ಕಾವ್ರಿಗೋ?” ಅಂದ ಟೇಲರ್. ಪರಪುರುಷನೆದುರು ನನ್ನ ಹುಬ್ಬು ಅಳೆದರಲ್ಲ! ಮೆಂತ್ಯದ ರಾಶಿಯೊಳಗೇ ಮುಖ ಹುಗಿದುಬಿಡೋಣ ಅನ್ನಿಸಿತು.

ಐದು ಪರದೆಗಳು ನೆಲ ಮುಟ್ಟಿದವು. ಆರನೆಯದು ಮಾತ್ರ ಮೊಳಕಾಲು ತೋರಿಸಿಕೊಂಡು ನಿಂತಿತು. ಧಾರವಾಡದಿಂದ ಬಂದ ನನ್ನ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಣ್ಣಾ, ಪರದಿಗೆ ಚಡ್ಡಿ ಹೊಲಿಸೀಯೇನೋ?” ಅಂದಿನಿಂದ ಅದು ಚಡ್ಡಿ ಪರದೆಯೇ ಆಯಿತು. ಬಂದವರೆಲ್ಲ ನಕ್ಕರು. ನಿಮ್ಮ ಅಜ್ಜ, “ಏನ್ ಮಾಡೂದು, ಬಟ್ಟಿ ಸಾಲಲಿಲ್ಲ” ಅಂತ ತಲೆ ಕೆರೆದುಕೊಂಡರು. ಸಾಲದ ಬಟ್ಟೆಯಲ್ಲಿ ಎರಡು ದಿಂಬಿನ ಗವಸು ಹೇಗೆ ಬಂದವು ಎಂದು ಯಾರೂ ಕೇಳಲಿಲ್ಲ. ದಿನವೂ ಅದರ ಮೇಲೆ ತಲೆ ಇಟ್ಟು ಮಲಗಿದ ನಾನೂ ಕೇಳಲಿಲ್ಲ! ಅವರೊಂದಿಗೆ ಸೇರಿ ನಾನೂ ಆರು ವರ್ಷ ನಕ್ಕೆ.

ಆಮೇಲೆ ನಿಮ್ಮ ಅಜ್ಜ ಹೋದರು. ಹದಿಮೂರು ದಿನ ಮುಗಿದು, ಬಂದ ನೆಂಟರೆಲ್ಲ ಹೊರಟ ಮೇಲೆ, ನಾನು ಸಂಜೆ ಸೊಪ್ಪು ಸೋಸಲು ಕುಳಿತೆ. ಆರು ಗಂಟೆ. ರೂಢಿಯಂತೆ ಕಣ್ಣು ತಾನಾಗಿ ಮೇಲೆದ್ದಿತು. ರಸ್ತೆಯ ತಿರುವು ಕಾಣಿಸಿತು. ಕೊಡೆ ಇರಲಿಲ್ಲ. ಪರದೆಯ ಅಂಚು ನನ್ನ ಹುಬ್ಬಿಗೆ ಸರಿಯಾಗಿ ನಿಂತಿತ್ತು. ನಿಂತರೆ ಜನರಿಗೆ ನಾನು ಕಾಣುವುದಿಲ್ಲ. ಕುಳಿತರೆ ನನಗೆ ಆ ತಿರುವು ಕಾಣುತ್ತದೆ. ಆರು ವರ್ಷ ದಿನಾ ನೋಡಿದ್ದೆ. ಆ ದಾರದ ಗಂಟು ನನಗೆ ಅರ್ಥವಾದದ್ದು ಅವತ್ತು.

ಮೊನ್ನೆ ನಿಮ್ಮ ಅಮ್ಮ ಹೊಸ ಪರದೆ ಹಾಕಿಸಲು ಅದೇ ಟೇಲರನನ್ನು ಕರೆಸಿದಳಲ್ಲ? ಅವನ ಕೂದಲೂ ಈಗ ಬೆಳ್ಳಗಾಗಿದೆ. “ಅತ್ತೀ, ಈ ಸಲ ಅಡಿಗಿಮನಿದೂ ಪೂರಾ ಉದ್ದ ಹೊಲಿಸೂಣ. ನೋಡಿದವ್ರು ನಗ್ತಾರ” ಅಂದಳು ಅವಳು. ಪಾಪ, ಅವಳಿಗೇನು ಗೊತ್ತು? ಹೊರಗಿನವರೆದುರು ಎಂದೂ ಬಾಯಿ ತೆರೆಯದ ನಾನು, “ಬ್ಯಾಡ” ಅಂದೆ. ಬಾಗಿಲಲ್ಲಿ ನಿಂತಿದ್ದ ನೀವಿಬ್ಬರೂ ಬೆರಗಾಗಿ ನೋಡಿದಿರಿ. “ಅಜ್ಜಿ ಯಾಕ ಹಂಗ ಮಾಡಿದ್ಲು?” ಎಂದು ಅಮ್ಮನನ್ನು ಕೇಳಿದಿರಂತೆ. ಬಾಯಲ್ಲಿ ಹೇಳಲಾಗದೆ ಇಷ್ಟು ಬರೆದೆ.

“ಕೆಳಗ ಎಷ್ಟು ಬಿಡ್ಲಿರೀ ಅಕ್ಕಾವ್ರ?” ಅಂದ ಟೇಲರ್.

ನಾನು ನೆಲದ ಮೇಲೆ ಕುಳಿತೆ. “ನನ್ನ ಹುಬ್ಬಿಗೆ ಹಿಡಿದು ಅಳತಿ ತಗೋಪಾ.”

ಅವನು ಈ ಸಲ ನಗಲಿಲ್ಲ. ಟೇಪು ಹಿಡಿದ, ಹಳೆಯ ಪರದೆಯ ಅಂಚು ನೋಡಿದ, ಮತ್ತೊಮ್ಮೆ ಹಿಡಿದ. ನಾನು ಕುಗ್ಗಿದ್ದೇನೆ, ಮಕ್ಕಳೇ. ಹೊಸ ಪರದೆ ಎರಡು ಬೆರಳು ಉದ್ದ ಬಂದಿದೆ.